ಡಿಟಿಪಿ ಮಾಡೋರೇ, ಹೆಲ್ಪ್ ಪೇಜಲ್ಲಿ ಕಾಣೋದನ್ನ ನಂಬಿ ‘ಕ್ಲೀನ್’ ಒತ್ಬೇಡಿ

ದುಡ್ಡು ಕೊಟ್ಟು ತಗೊಂಡ ವರ್ಡ್ ಪ್ರೊಸೆಸರ್ರು, ಹೆಸರು ಹಾಕಲ್ಲ ಬಿಡಿ. ಒಂದು ಹೈಸ್ಕೂಲಿನ ಸ್ಮರಣ ಸಂಚಿಕೆ ಕೆಲಸ, ಮೇಷ್ಟ್ರುಗಳೆಲ್ಲ ವಾಟ್ಸಾಪಲ್ಲಿ ಕಳಿಸಿದ ಮ್ಯಾಟರು, ಹೆಂಗಿರತ್ತೆ ಗೊತ್ತಲ್ಲ, ಎಲ್ಲೆಂದ್ರಲ್ಲಿ ಸ್ಪೇಸು, ಮಧ್ಯೆ ಮಧ್ಯೆ ಚೌಕ ಡಬ್ಬಿ. ಹೆಲ್ಪಲ್ಲಿ ‘ಅನಗತ್ಯ ಅಡಗಿದ ಅಕ್ಷರ ತೆಗೆಯಿರಿ’ ಅಂತ ಇತ್ತು, ಪಕ್ಕದಲ್ಲೇ ‘ಮೊದಲು’, ‘ನಂತರ’ ಅಂತ ಉದಾಹರಣೆ. ಎರಡೂ ಕಡೆ ರಾಜ್‌ಕುಮಾರ್. ಒಂದಕ್ಷರ ವ್ಯತ್ಯಾಸ ಇಲ್ಲ. ಸರಿ, ಅದರ ‘ಕ್ಲೀನ್’ ಬಟನ್ ಒತ್ತಿದೆ, ಸೇವ್ ಮಾಡಿದೆ, ಪ್ರೂಫ್ ಕಳಿಸಿದೆ.

ವಾಪಸ್ ಬಂದ ಪ್ರೂಫ್ ತುಂಬ ಕೆಂಪಿಂಕು. ರಾಜ್‌ಕುಮಾರ್ ಹೋಗಿ ರಾಜ್ಕುಮಾರ್, ಸಾಫ್ಟ್‌ವೇರ್ ಹೋಗಿ ಸಾಫ್ಟ್ವೇರ್, ಒತ್ತಿನ ಕೆಳಗೆ ಒತ್ತು. ‘ರ‍್ಯಾಂಕ್ ವಿಜೇತರು’ ಅನ್ನೋ ದೊಡ್ಡ ಹೆಡ್ಡಿಂಗು ‘ರ್ಯಾಂಕ್ ವಿಜೇತರು’ ಆಗಿ ಅರ್ಕಾವೊತ್ತು ಹಾಕ್ಕೊಂಡು ಕೂತಿದೆ. ಹೆಡ್‌ಮೇಷ್ಟ್ರು ಸ್ಟಾಫ್‌ರೂಮಲ್ಲಿ ಎಲ್ಲರೆದುರಿಗೇ “ನಿಮ್ಮಂಗಡೀಲಿ ಕನ್ನಡ ಓದೋಕೆ ಬರೋರು ಯಾರೂ ಇಲ್ವೇನ್ರೀ?” ಅಂದ್ರು. ನೆನೆಸ್ಕೊಂಡ್ರೆ ಈಗ್ಲೂ ಮೈಯೆಲ್ಲ ಉರಿಯತ್ತೆ.

ಸಪೋರ್ಟ್‌ಗೆ ಫೋನ್ ಮಾಡಿದ್ರೆ “ಸರ್, ನಮ್ಮ ಕಡೆ ಸರಿಯಾಗೇ ಕಾಣ್ತಿದೆ”. ಸ್ಕ್ರೀನ್‌ಶಾಟ್ ಕಳಿಸಿದೆ. “ನಮ್ಮ ಫಾಂಟ್ ಹಾಕಿದೀರಾ ಸರ್?” ಹಾಕಿದೀನಿ ಮಾರಾಯ. ಕೊನೆಗೆ ಆ ಪೇಜಿನ ‘ನಂತರ’ ಕಡೆಯ ಪದಾನ ಕಾಪಿ ಮಾಡಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿದೆ ನೋಡಿ, ರಾಜ್ಕುಮಾರ್ ಅಂತ್ಲೇ ಬಂತು! ಅಂದ್ರೆ ಅವರ ಪೇಜಲ್ಲಿರೋದೇ ತಪ್ಪು ಪದ, ಪೇಜಿಗೆ ಹಾಕಿರೋ ಫಾಂಟಲ್ಲಿ ಒತ್ತಕ್ಷರ ಕೂಡಲ್ಲ, ಅದಕ್ಕೇ ಬಿಡಿಬಿಡಿಯಾಗಿ ಸರಿ ಇದ್ದಂಗೆ ಕಾಣ್ತಿತ್ತು. ಇದನ್ನ ಹೇಳಿದ್ರೆ ಏನಂದ್ರು ಗೊತ್ತಾ? “ಅದು ಬರೀ ಡಿಸ್‌ಪ್ಲೇ ಎರರ್ ಸರ್, ಸಾಫ್ಟ್‌ವೇರಲ್ಲಿ ಪ್ರಾಬ್ಲಮ್ ಇಲ್ಲ.” ಬರೀ ಅಂತೆ, ಬರೀ! ಆ ಡಿಸ್‌ಪ್ಲೇ ನೋಡಿ ತಾನೇ ನಾನು ಒತ್ತಿದ್ದು?

ಕನ್ನಡದಲ್ಲಿ ಅಡಗಿದ ಅಕ್ಷರ ಅನಗತ್ಯ ಅಲ್ಲ ಕಣ್ರೀ. ಯೂನಿಕೋಡ್ ಅಂದ್ರೆ ಕಂಪ್ಯೂಟರಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರೋ ನಂಬರು; ಒತ್ತು ಬೀಳದಂಗೆ ತಡೆಯೋ ಅಡಗಿದ ಅಕ್ಷರದ್ದು 200ಸಿ, ರ‍್ಯಾಂಕಿನ ರ ಉಳಿಸೋದು 200ಡಿ. ಕಣ್ಣಿಗೆ ಕಾಣಲ್ಲ, ಆದ್ರೆ ತೆಗೆದ್ರೆ ಪದ ಹಾಳು. ಎಮ್ಮೆಸ್ ವರ್ಡಲ್ಲಾದ್ರೆ 200ಸಿ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಆಲ್ಟ್ ಹಿಡಿದು ಎಕ್ಸ್ ಒತ್ತಿದ್ರೆ ಬರತ್ತೆ, ನಾನು ಇಡೀ ಸಂಚಿಕೆನ ಹಂಗೇ ಕೂತು ಸರಿ ಮಾಡಿದ್ದು. ನೀವು ಯಾವ್ದೇ ಕ್ಲೀನ್ ಒತ್ತೋ ಮುಂಚೆ ಫೈಲ್ ಕಾಪಿ ಇಟ್ಕೊಳ್ಳಿ, ರಾಜ್‌ಕುಮಾರ್, ರ‍್ಯಾಂಕ್ ಎರಡೂ ಟೈಪ್ ಮಾಡಿ ಅದರ ಮೇಲೆ ಒತ್ತಿ ನೋಡಿ.

ಆ ಪೇಜು ಇವತ್ತಿಗೂ ಹಂಗೇ ಇದೆ. ಕೇಳಿದ್ರೆ “ನೆಕ್ಸ್ಟ್ ಅಪ್‌ಡೇಟಲ್ಲಿ ನೋಡ್ತೀವಿ ಸರ್”.