ಸ್ಟಿಕ್ಕರ್‌ನಲ್ಲಿ ಐ7, ಒಳಗೆ ಎರಡೇ ಕೋರ್: ಹಳೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೋಲಿಕೆ

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಕೀಬೋರ್ಡ್ ಕೆಳಗಿನ ಸ್ಟಿಕ್ಕರ್ ಮೇಲೆ. ಇಂಟೆಲ್‌ನ ಐ7 ಅಂತ ಕಂಡರೆ ಅರ್ಧ ವ್ಯಾಪಾರ ಕುದುರಿದ ಹಾಗೆ. ಆದರೆ 2016ರ ಐ7-7500ಯು ಒಳಗಿರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಮ್ಮೆಗೇ ನಡೆಸಬಲ್ಲ ಕೆಲಸದ ಎಳೆ). ಮರುವರ್ಷ ಬಂದ ಐ5-8250ಯು ಒಳಗೆ ನಾಲ್ಕು ಕೋರ್, ಎಂಟು ಥ್ರೆಡ್. ಎರಡಕ್ಕೂ ವಿದ್ಯುತ್ ಮಿತಿ 15 ವ್ಯಾಟ್. ಸ್ಟಿಕ್ಕರ್‌ನ 3, 5, 7ಕ್ಕಿಂತ ಮಾದರಿ ಸಂಖ್ಯೆಯ ಮೊದಲ ಅಂಕಿ (ಚಿಪ್‌ನ ಪೀಳಿಗೆ) ಮತ್ತು ಕೊನೆಯ ಅಕ್ಷರ (ಯು ಎಂದರೆ ಕಡಿಮೆ ವಿದ್ಯುತ್ತಿನದು) ಹೆಚ್ಚು ಹೇಳುತ್ತವೆ. ಹಾಗೆಂದು 7500ಯು ಎಲ್ಲದರಲ್ಲೂ ಸೋಲುವುದಿಲ್ಲ. ಎರಡರ ಕೋರ್ ವಿನ್ಯಾಸವೂ ಒಂದೇ, ಟರ್ಬೊ ವೇಗ (ಸ್ವಲ್ಪ ಹೊತ್ತು ಏರಬಲ್ಲ ಗರಿಷ್ಠ ವೇಗ) 7500ಯುದ್ದು 3.5 ಗಿಗಾಹರ್ಟ್ಸ್, 8250ಯುದ್ದು 3.4. ಒಂದು ಪುಟ ತೆರೆಯುವುದು, ಪತ್ರ ಟೈಪ್ ಮಾಡುವುದು ಇಂಥ ಕೆಲಸದಲ್ಲಿ ಯಾವುದು ಯಾವುದೆಂದು ಹೇಳಲಾಗದು. ವಿಡಿಯೊ ಎನ್‌ಕೋಡ್, ಕೋಡ್ ಕಂಪೈಲ್, ವಿಡಿಯೊ ಕರೆ ನಡೆಯುವಾಗಲೇ ಇಪ್ಪತ್ತು ಟ್ಯಾಬ್ ತೆರೆದಿಡುವುದು – ಇಲ್ಲಿ ಐ7 ಏದುಸಿರು ಬಿಡುತ್ತದೆ.

8250ಯು ಪರೀಕ್ಷಿಸುವಾಗ ಎಚ್ಚರ ಬೇಕಾದದ್ದು ಮೊದಲ ಅರ್ಧ ನಿಮಿಷದ ಬಗ್ಗೆ. ಇಂಟೆಲ್‌ನ ಸಾಮಾನ್ಯ ಲೆಕ್ಕದಲ್ಲಿ ಸುಮಾರು 28 ಸೆಕೆಂಡ್ 15 ವ್ಯಾಟ್ ದಾಟಿ ಓಡಲು ಬಿಡುತ್ತಾರೆ, ಆಮೇಲೆ ಲಗಾಮು ಬೀಳುತ್ತದೆ. ಹಾಗಾಗಿ ಎರಡು ನಿಮಿಷದ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ನೋಡಿ ತೀರ್ಮಾನಿಸಬೇಡಿ. ಎಲ್ಲ ಕೋರ್‌ಗೂ ಹತ್ತು ನಿಮಿಷ ಕೆಲಸ ಕೊಡಿ, ಲಿನಕ್ಸ್‌ನಲ್ಲಿ ಸ್ಟ್ರೆಸ್-ಎನ್‌ಜಿ ಎಂಬ ತಂತ್ರಾಂಶ ಸಾಕು. ಇದರ ಮೂಲ ವೇಗ 1.6 ಗಿಗಾಹರ್ಟ್ಸ್. ಹತ್ತು ನಿಮಿಷದ ಹೊತ್ತಿಗೆ ಅದಕ್ಕಿಂತ ಸಾಕಷ್ಟು ಮೇಲೆ ನಿಂತಿದ್ದರೆ ಯಂತ್ರ ಆರೋಗ್ಯವಾಗಿದೆ. 1.6ಕ್ಕಿಂತ ಕೆಳಗಿಳಿದು, ಬಿಸಿ 95 ಡಿಗ್ರಿ ದಾಟಿ ಕುಣಿಯುತ್ತಿದ್ದರೆ ಫ್ಯಾನ್ ಮತ್ತು ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ನಡುವೆ ಧೂಳು ಕಂಬಳಿಯಂತೆ ಕೂತಿದೆ, ಇಲ್ಲವೇ ಚಿಪ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಪೇಸ್ಟ್ ಒಣಗಿದೆ. ಅದು ಪ್ರೊಸೆಸರ್ ತಪ್ಪಲ್ಲ, ಅರ್ಧ ಗಂಟೆಯ ಕೆಲಸ.

ಇದಕ್ಕೆ ಎದುರಾಳಿ ಎಎಂಡಿಯ ರೈಜೆನ್ 5 2500ಯು. ಅದೂ 2017ರದ್ದೇ, ಅದಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್. ಜೊತೆಗಿರುವ ವೇಗಾ 8 ಗ್ರಾಫಿಕ್ಸ್ ಮುಂದೆ ಇಂಟೆಲ್‌ನ ಯುಎಚ್‌ಡಿ 620 ಸಪ್ಪೆ. ಆದರೆ ವೇಗಾಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಎಳೆದುಕೊಳ್ಳಬೇಕು. ಒಂದೇ 8 ಜಿಬಿ ಕಡ್ಡಿ ಹಾಕಿದ ಯಂತ್ರದಲ್ಲಿ ಆಟಗಳು ತಡವರಿಸುತ್ತವೆ. ಅದನ್ನು ತೆಗೆದು 4 ಜಿಬಿಯ ಎರಡು ಕಡ್ಡಿ ಹಾಕಿದರೂ ಒಟ್ಟು ರ‍್ಯಾಮ್ ಅಷ್ಟೇ, ಆದರೆ ಚಾನೆಲ್ (ಮೆಮೊರಿಗೆ ಹೋಗುವ ದಾರಿ) ಎರಡಾಗಿ ಆಟ ಸಲೀಸಾಗುತ್ತದೆ. ಕೆಳಗಿನ ಮುಚ್ಚಳ ಬಿಚ್ಚಿ ಎರಡನೇ ಸ್ಲಾಟ್ ಇದೆಯೇ ಎಂದು ನೋಡದೆ ರೈಜೆನ್ ಒಪ್ಪಿಕೊಳ್ಳಬೇಡಿ. ಇನ್ನೊಂದು ತೊಡಕು: ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಪಟ್ಟಿಯಲ್ಲಿ 8250ಯು ಇದೆ, 2500ಯು ಇಲ್ಲ. ಅದರ ಮುಂದಿನ 3500ಯು ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇದು ಸಣ್ಣ ವಿಷಯವಲ್ಲ. ಲಿನಕ್ಸ್ ಹಾಕುವವರಿಗೆ ಈ ತಲೆನೋವಿಲ್ಲ.

ಐ5-6300ಯು, ಐ5-7200ಯು ಇವೆರಡೂ ಎರಡು ಕೋರ್‌ನವು, ವೇಗದಲ್ಲಿ ಕೂದಲೆಳೆಯ ಅಂತರ. ವ್ಯತ್ಯಾಸ ಕಾಣುವುದು ವಿಡಿಯೊದಲ್ಲಿ. 7200ಯು ವಿಪಿ9 ಮತ್ತು 10-ಬಿಟ್ ಎಚ್‌ಇವಿಸಿ ಎಂಬ ವಿಡಿಯೊ ಕುಗ್ಗಿಸುವ ವಿಧಾನಗಳೆರಡನ್ನೂ ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಚ್ಚುತ್ತದೆ. 6300ಯು 8-ಬಿಟ್ ಎಚ್‌ಇವಿಸಿ ನಿಭಾಯಿಸುತ್ತದೆ, ಅದರಾಚೆಗೆ ಹೊರೆ ಕೋರ್‌ಗಳ ಮೇಲೆ ಬೀಳುತ್ತದೆ, ಫ್ಯಾನ್ ಕೂಗುತ್ತದೆ. ಇನ್ನೂ ಹಳೆಯವುಗಳಲ್ಲಿ ಯೂಟ್ಯೂಬ್ ತಡವರಿಸಿದರೆ ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ ಎಚ್.264 ಎಂಬ ಹಳೆಯ ವಿಧಾನದಲ್ಲೇ ತರಿಸಿಕೊಳ್ಳಬಹುದು.

ಆ ಇನ್ನೂ ಹಳೆಯದೆಂದರೆ 2012ರ ಐ5-3320ಎಂ. ಮೂಲ ವೇಗ 2.6, ಟರ್ಬೊ 3.3 ಗಿಗಾಹರ್ಟ್ಸ್. ಕಾಗದದ ಮೇಲೆ 7200ಯು (2.5, 3.1) ಇದಕ್ಕಿಂತ ಹಿಂದೆ. ಆದರೆ ಇದು 35 ವ್ಯಾಟ್ ಕೇಳುತ್ತದೆ, ಅದು 15ರಲ್ಲೇ ಕೆಲಸ ಮುಗಿಸುತ್ತದೆ. ಎವಿಎಕ್ಸ್2 ಎಂಬ ಲೆಕ್ಕದ ಆದೇಶಗಳ ಗುಂಪು ಇದರಲ್ಲಿಲ್ಲ, ಅದು ಬಂದದ್ದು ಮರುವರ್ಷದ ಹ್ಯಾಸ್ವೆಲ್ ಪೀಳಿಗೆಯಲ್ಲಿ. ಹಾಗಾಗಿ ಕೆಲವು ಹೊಸ ತಂತ್ರಾಂಶಗಳು ತೆರೆಯುವಾಗಲೇ ಬಿದ್ದುಹೋಗುತ್ತವೆ.

ಆದರೂ ಇದನ್ನು ಕಡೆಗಣಿಸಲಾಗದು, ಏಕೆಂದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಕೆಟ್‌ನಲ್ಲಿ ಕೂರುವ, ಅಂದರೆ ತೆಗೆದು ಬದಲಿಸಬಹುದಾದ ಚಿಪ್. ಮೇಲೆ ಹೇಳಿದ ಯು ಚಿಪ್‌ಗಳೆಲ್ಲ ಬೋರ್ಡಿಗೆ ಬೆಸೆದವು. ಸಾಕೆಟ್ ಇದ್ದರೆ ಇದರ ಜಾಗಕ್ಕೆ ಐ7-3632ಕ್ಯೂಎಂ ಹಾಕಬಹುದು: ನಾಲ್ಕು ಕೋರ್, ಎಂಟು ಥ್ರೆಡ್, ಮಿತಿ ಅದೇ 35 ವ್ಯಾಟ್. 45 ವ್ಯಾಟಿನ 3740ಕ್ಯೂಎಂ ಆಸೆಗೆ ಬಿದ್ದರೆ ಅದೇ ಹೀಟ್‌ಸಿಂಕ್ ಬಿಸಿ ತಡೆಯದೆ ವೇಗ ಕಡಿತವಾಗುತ್ತದೆ. 3632ಕ್ಯೂಎಂ ಬೆಸೆಯುವ ರೂಪದಲ್ಲೂ ಬಂದಿದೆ. ಕೆಳಗೆ ಸೂಜಿಗಳಂಥ ಪಿನ್ ಇದ್ದರೆ ಮಾತ್ರ ನಿಮ್ಮದು, ಬೆಸುಗೆಯ ಉಂಡೆಗಳಿದ್ದರೆ ಅಲ್ಲ. ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಬೋರ್ಡಿನ ತಂತ್ರಾಂಶ) ಅದನ್ನು ಗುರುತಿಸುತ್ತದೆಯೇ ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಿ. ಬ್ಯಾಟರಿ ತೆಗೆದು, ಹೀಟ್‌ಸಿಂಕ್ ಸ್ಕ್ರೂಗಳನ್ನು ಅಡ್ಡಡ್ಡ ಎದುರಿನ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ಸಾಕೆಟ್ ಪಕ್ಕದ ಸ್ಕ್ರೂವನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅರ್ಧ ಸುತ್ತು ತಿರುಗಿಸಿದರೆ ಚಿಪ್ ಸಡಿಲವಾಗುತ್ತದೆ. ಹೊಸದನ್ನು ಮೂಲೆಯ ತ್ರಿಕೋನ ಗುರುತು ನೋಡಿ ಇಡಿ. ಅದು ತಾನಾಗಿ ಕೂರಬೇಕು, ಒತ್ತಿದರೆ ಪಿನ್ ಬಾಗುತ್ತದೆ. ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು.

ಯಾವ ಚಿಪ್ ಆದರೂ ಒಂದು ಭ್ರಮೆ ಕಾಡುತ್ತದೆ. ಯಂತ್ರ ಬಿಸಿಯೇ ಆಗದೆ ವೇಗ 400 ಅಥವಾ 800 ಮೆಗಾಹರ್ಟ್ಸ್‌ನಲ್ಲೇ ಕೂತಿದ್ದರೆ, ಎಷ್ಟು ಕೆಲಸ ಕೊಟ್ಟರೂ ಕದಲದಿದ್ದರೆ, ಪ್ರೊಸೆಸರ್ ಸತ್ತಿದೆ ಎಂದುಕೊಳ್ಳಬೇಡಿ. ಚಾರ್ಜರ್‌ನ ಗುರುತು ಸಿಗದಿದ್ದಾಗ, ಇಲ್ಲವೇ ಅದರ ವ್ಯಾಟ್ ಸಾಲದಿದ್ದಾಗ ಎಷ್ಟೋ ಬೋರ್ಡ್‌ಗಳು ಹೀಗೆ ತಡೆ ಹಾಕುತ್ತವೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ ನೋಡಿ. ವೇಗ ಏರಿದರೆ ಬದಲಿಸಬೇಕಾದದ್ದು ಚಾರ್ಜರ್, ಅಥವಾ ಅದರ ಪಿನ್ ಕೂರುವ ಜಾಕ್.