ಕ್ಯಾಲೆಂಡರ್ ಎಂಸಿಪಿ ಸರ್ವರ್: ಕೆಲಸ ಚೆನ್ನಾಗಿದೆ, ಟೂಲ್ ವಿವರಣೆ ಓದಿದರೆ ತಲೆ ಕೆಡುತ್ತದೆ

ಎಐ ಏಜೆಂಟ್‌ಗೆ (ನಮ್ಮ ಪರವಾಗಿ ಕೆಲಸ ಮಾಡಿಕೊಡುವ ಎಐಗೆ) ಕ್ಯಾಲೆಂಡರ್ ಜೋಡಿಸಿಕೊಡುವ ಒಂದು ಎಂಸಿಪಿ ಸರ್ವರ್ ಬಳಸುತ್ತಿದ್ದೇನೆ. ಹೆಸರು ಬೇಡ, ಇದೇ ಕಾಯಿಲೆ ಇರುವ ಸರ್ವರ್‌ಗಳು ಬೇಕಾದಷ್ಟಿವೆ. ಇನ್‌ಸ್ಟಾಲ್ ಸಲೀಸು, ಲಾಗಿನ್ ತಕರಾರಿಲ್ಲ, ವೇಗವೂ ಪರವಾಗಿಲ್ಲ. ಐದಕ್ಕೆ ಮೂರು ಸ್ಟಾರ್. ಉಳಿದ ಎರಡು ಹೋಗಿದ್ದು ಟೂಲ್ ವಿವರಣೆಗಳಿಂದ, ಬೇರೆ ಯಾವುದರಿಂದಲೂ ಅಲ್ಲ.

ಹೊಸಬರಿಗೆ ಒಂದು ಮಾತು. ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಎಐ ಮಾಡೆಲ್‌ಗೆ ಹೊರಗಿನ ಸೇವೆಗಳನ್ನು ಜೋಡಿಸುವ ಪದ್ಧತಿ, ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದಿದ್ದು. ಸರ್ವರ್ ಮಾಡಿಕೊಡುವ ಒಂದೊಂದು ಕೆಲಸವೂ ಒಂದು ಟೂಲ್. ಇದರಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಏನೇನು ಇನ್‌ಪುಟ್ ಬೇಕು ಅಂತ ಹೇಳುವ ಜೇಸನ್ ಸ್ಕೀಮಾ ಇರುತ್ತದೆ. ಯಾವ ಟೂಲ್ ಕರೆಯಬೇಕು ಅಂತ ಏಜೆಂಟ್‌ನ ಒಳಗಿರುವ ಮಾಡೆಲ್ ಇವುಗಳನ್ನು ಓದಿಯೇ ತೀರ್ಮಾನಿಸುತ್ತದೆ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಬರೆದವರ ತಲೆಯಲ್ಲಿ ಏನಿತ್ತು ಅನ್ನೋದಂತೂ ಕಾಣುವುದೇ ಇಲ್ಲ.

ಈಗ ವಿಷಯಕ್ಕೆ ಬರೋಣ. ಇದರಲ್ಲಿ ‘ಗೆಟ್ ಇವೆಂಟ್ಸ್’, ‘ಲಿಸ್ಟ್ ಇವೆಂಟ್ಸ್’, ‘ಫೈಂಡ್ ಇವೆಂಟ್ಸ್’ ಅಂತ ಮೂರು ಟೂಲ್‌ಗಳಿವೆ. ಮೂರಕ್ಕೂ ವಿವರಣೆ ಹೆಚ್ಚುಕಮ್ಮಿ ಒಂದೇ: ಇವೆಂಟ್‌ಗಳನ್ನು ತರುತ್ತದೆ. ಅಷ್ಟೇ! ಸೋರ್ಸ್ ಕೋಡ್ ತೆರೆದು ನೋಡಿದರೆ ಒಂದಕ್ಕೆ ಐಡಿ ಕೊಡಬೇಕು, ಇನ್ನೊಂದು ತಾರೀಖಿನ ಪ್ರಕಾರ ಹುಡುಕುತ್ತದೆ, ಮತ್ತೊಂದು ಶೀರ್ಷಿಕೆಯಲ್ಲಿರುವ ಪದ ನೋಡುತ್ತದೆ. ಇಷ್ಟು ಬರೆಯೋಕೆ ಎಷ್ಟು ಹೊತ್ತು ಬೇಕು? ನಾಳೆ ಏನೇನಿದೆ ಅಂತ ಕೇಳಿದರೆ ಏಜೆಂಟ್ ಕೆಲವು ಸಲ ಶೀರ್ಷಿಕೆಯಲ್ಲಿ ‘ನಾಳೆ’ ಅನ್ನುವ ಪದ ಹುಡುಕಿ, ಖಾಲಿ ಲಿಸ್ಟ್ ಬಂದ ಮೇಲೆ, ನಿಮಗೆ ಯಾವ ಮೀಟಿಂಗೂ ಇಲ್ಲ ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. ಎರರ್ ಬಂದರೆ ನಾವು ಎಚ್ಚರವಾಗುತ್ತೇವೆ. ತಪ್ಪು ಟೂಲ್ ಯಾವ ಎರರ್ ಇಲ್ಲದೆ ಓಡಿದರೆ ಹಿಡಿಯೋದು ಹೇಗೆ?

ತಾರೀಖಿನ ಕಥೆ ಇನ್ನೂ ಕೆಟ್ಟದ್ದು. ಪ್ಯಾರಾಮೀಟರ್ (ಟೂಲ್‌ಗೆ ಕೊಡುವ ಇನ್‌ಪುಟ್) ಹೆಸರು ‘ಡೇಟ್’, ಅದರ ವಿವರಣೆ ‘ತಾರೀಖು’. ಪುಣ್ಯಾತ್ಮರೇ, ಅದು ನಮಗೂ ಗೊತ್ತು. 03/04 ಅಂದರೆ ಮಾರ್ಚ್ 4ಓ ಏಪ್ರಿಲ್ 3ಓ? ಟೈಮ್‌ಜೋನ್ ಯಾವುದು? ಕೊನೆಯ ದಿನ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ? ‘ಐಎಸ್‌ಒ 8601 ರೂಪ, ಉದಾಹರಣೆಗೆ 2025-04-03, ಟೈಮ್‌ಜೋನ್ ಕೊಡದಿದ್ದರೆ ಯುಟಿಸಿ’ ಅಂತ ಒಂದು ಸಾಲು ಹಾಕಿದ್ದರೆ ಅರ್ಧ ಗೋಳು ತಪ್ಪುತ್ತಿತ್ತು.

ಹಾಗಂತ ಇವರಿಗೆ ಬರೆಯೋಕೆ ಬರಲ್ಲ ಅನ್ನುವಂತಿಲ್ಲ. ಬಿಡುವಿನ ಸಮಯ ಹುಡುಕುವ ಟೂಲ್‌ನ ವಿವರಣೆ ನೋಡಿ: ‘ಹಲವರಿಗೂ ಹೊಂದುವ ಸಮಯ ಬೇಕಾದಾಗ ಬಳಸಿ. ಒಬ್ಬರ ಇವೆಂಟ್‌ಗಳನ್ನು ನೋಡೋಕೆ ಬೇಡ. ಮೀಟಿಂಗ್ ಬುಕ್ ಮಾಡುವುದಿಲ್ಲ, ಸಮಯ ಮಾತ್ರ ತಿಳಿಸುತ್ತದೆ.’ ಯಾವಾಗ ಬೇಕು, ಯಾವಾಗ ಬೇಡ, ಏನು ಮಾಡಲ್ಲ, ಮೂರೂ ಇದೆ. ಈ ಟೂಲ್ ವಿಷಯದಲ್ಲಿ ಏಜೆಂಟ್ ಎಡವಿದ್ದನ್ನು ನಾನು ನೋಡಿಲ್ಲ. ಬಹುಶಃ ಇದನ್ನು ಬರೆದವರೇ ಬೇರೆ.

ಇನ್ನೊಂದು ಟೂಲ್‌ನಲ್ಲಿ ‘ಬಹಳ ಮುಖ್ಯ!!! ಯಾವಾಗಲೂ ಮೊದಲು ಇದನ್ನೇ ಬಳಸಿ’ ಅಂತ ಕಿರುಚಿದ್ದಾರೆ. ಪಾಪ, ಏಜೆಂಟ್ ಹೇಳಿದ ಮಾತು ಕೇಳುತ್ತದೆ. ಸುಮ್ನೆ ‘ಥ್ಯಾಂಕ್ಸ್’ ಅಂದರೂ ಹೋಗಿ ಅದನ್ನು ಕರೆದು ಬರುತ್ತದೆ.

ಅಳಿಸುವ ಟೂಲ್ ಬಗ್ಗೆ ಮಾತ್ರ ಹುಷಾರು. ಸರಣಿ ಮೀಟಿಂಗ್‌ನಲ್ಲಿ ಒಂದು ದಿನದ್ದನ್ನು ಅಳಿಸುತ್ತದೋ ಪೂರ್ತಿ ಸರಣಿಯನ್ನೋ ಅಂತ ಎಲ್ಲೂ ಬರೆದಿಲ್ಲ. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ‘ಇದು ಓದುವ ಟೂಲ್ ಮಾತ್ರ’, ‘ಇದು ಹಾಳುಮಾಡಬಹುದು’ ಅಂತ ಗುರುತು ಹಾಕುವ ಸೌಲಭ್ಯ ಇದೆ. ಅದನ್ನೂ ಇವರು ಬಳಸಿಲ್ಲ. ಬಳಸಿದರೂ ಅದು ಸುಳಿವು ಮಾತ್ರ, ಗ್ಯಾರಂಟಿ ಅಲ್ಲ, ಹಾಗಾಗಿ ಅಳಿಸುವ ಮೊದಲು ನಿಮ್ಮನ್ನು ಕೇಳುವಂತೆ ಏಜೆಂಟ್ ಓಡುವ ಆ್ಯಪ್‌ನಲ್ಲೇ ಸೆಟ್ ಮಾಡಿಕೊಳ್ಳಿ.

ವಿವರಣೆ ಉದ್ದ ಮಾಡಿದರೆ ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಜಾಸ್ತಿ ಖರ್ಚಾಗುತ್ತದೆ ಅಂತ ಇವರು ವಾದ ಮಾಡಬಹುದು. ನಿಜ, ಟೂಲ್ ಪಟ್ಟಿ ಸಾಮಾನ್ಯವಾಗಿ ಪ್ರತಿ ಸಲವೂ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಂದು ಸಲಕ್ಕೆ ಓದಬಲ್ಲ ಪಠ್ಯದಲ್ಲಿ, ಜಾಗ ತಿನ್ನುತ್ತದೆ. ಆದರೆ ಆ ಮೂರು ಟೂಲ್‌ಗಳನ್ನು ಒಂದು ಮಾಡಿದರೆ ಉಳಿಯುವ ಜಾಗದಲ್ಲೇ ಚೆನ್ನಾಗಿ ನಾಲ್ಕು ಸಾಲು ಬರೆಯಬಹುದು, ಅಲ್ವಾ?

ಕೋಡ್ ಓಪನ್ ಸೋರ್ಸ್ ಆಗಿರುವುದರಿಂದ ನಾನು ವಿವರಣೆಗಳನ್ನು ತಿದ್ದಿ ಬಳಸುತ್ತಿದ್ದೇನೆ. ಒಳಗಿನ ಲಾಜಿಕ್ ಒಂದು ಸಾಲೂ ಮುಟ್ಟಿಲ್ಲ, ಆದರೂ ‘ನಾಳೆ ಏನೇನಿದೆ’ ಅನ್ನುವ ಪ್ರಶ್ನೆಗೆ ಈಗ ಸರಿ ಉತ್ತರ ಬರುತ್ತಿದೆ. ತಿದ್ದುವ ತಾಳ್ಮೆ ಇದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಇಲ್ಲದಿದ್ದರೆ ಓದುವ ಟೂಲ್‌ಗಳನ್ನು ಮಾತ್ರ ಆನ್ ಮಾಡಿ. ಅಪ್‌ಡೇಟ್ ಬಂದಾಗಲೆಲ್ಲ ವಿವರಣೆಗಳಲ್ಲಿ ಏನು ಬದಲಾಗಿದೆ ಅಂತಲೂ ಕಣ್ಣಾಡಿಸಿ. ಅಲ್ಲಿ ಯಾರಾದರೂ ಕಳ್ಳ ಸೂಚನೆ ತುರುಕಿದರೆ ಮಾಡೆಲ್ ಅದನ್ನೂ ಪಾಲಿಸಿಬಿಡಬಹುದು.