ಎರಡನೆಯ ಭಾಗದ ನಾಯಕನಿಗೆ ಮೊದಲನೆಯದು ನೆನಪಿದೆಯೇ?

ಅನಿಮೇಷನ್ ಚಿತ್ರದ ಮುಂದುವರಿದ ಭಾಗ ಬಂದಾಗಲೆಲ್ಲ ‘ಮೊದಲಿನಷ್ಟು ಚೆನ್ನಾಗಿಲ್ಲ’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಏಕೆ ಎಂದು ಕೇಳಿದರೆ ಹಾಡು ಸಪ್ಪೆ, ಖಳನಾಯಕನಲ್ಲಿ ದಮ್ಮಿಲ್ಲ ಎಂದು ಏನೇನೋ ಕಾರಣಗಳು. ಮೂಲ ಚಿತ್ರ ಮತ್ತು ಅದರ ಮುಂದುವರಿಕೆಯನ್ನು ಒಂದರ ಬೆನ್ನಿಗೆ ಒಂದರಂತೆ ಕುಳಿತು ನೋಡುತ್ತ ಹೋದಾಗ ನನಗೆ ಕಂಡ ವ್ಯತ್ಯಾಸ ಬೇರೆಯದು. ಮೊದಲ ಭಾಗದ ಕೊನೆಯಲ್ಲಿ ನಾಯಕ ಏನು ಕಲಿತನೋ ಅದು ಎರಡನೆಯ ಭಾಗ ಆರಂಭವಾಗುವಾಗ ಅವನಿಗೆ ನೆನಪಿದೆಯೇ? ನೆನಪಿದ್ದರೆ, ಆ ಪಾಠ ಈಗಲೂ ಅವನಿಗೆ ಸಾಕಾಗುತ್ತದೆಯೇ? ವರ್ಷಗಳ ಅಂತರದಲ್ಲಿ ನೋಡುವಾಗ ಈ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ನಮಗೇ ಮರೆತಿರುತ್ತದೆ. ಒಟ್ಟಿಗೆ ನೋಡಿದಾಗ ಮಾತ್ರ ಚಿತ್ರಕಥೆಯ ಮರೆವು ಬಟಾಬಯಲಾಗುತ್ತದೆ.

ಹೆಚ್ಚು ನಿರಾಸೆ ಮಾಡಿದ್ದು ನಾನು ಬಹಳ ಮೆಚ್ಚುವ, ಸೂಪರ್‌ಹೀರೊ ಕುಟುಂಬವೊಂದರ ಕಥೆಯಾದ ‘ದಿ ಇನ್‌ಕ್ರೆಡಿಬಲ್ಸ್’. ಮೂಲ ಚಿತ್ರ ಬಂದದ್ದು 2004ರಲ್ಲಿ, ಎರಡನೆಯದು 2018ರಲ್ಲಿ. ನಿರ್ದೇಶಕ ಬ್ರಾಡ್ ಬರ್ಡ್ ಅವರೇ. ನಡುವೆ 14 ವರ್ಷ ಕಳೆದಿದ್ದರೂ ಕಥೆ ಮಾತ್ರ ಮೊದಲ ಚಿತ್ರ ನಿಂತ ಕ್ಷಣದಿಂದಲೇ ಶುರುವಾಗುತ್ತದೆ. ಯಾರಿಗೂ ಒಂದು ದಿನವೂ ವಯಸ್ಸಾಗಿಲ್ಲ. ಅದರಲ್ಲಿ ತಪ್ಪೇನಿಲ್ಲ, ತಪ್ಪಿರುವುದು ಮಗಳು ವಯೊಲೆಟ್ ವಿಷಯದಲ್ಲಿ. ಮೊದಲ ಚಿತ್ರದಲ್ಲಿ ಈ ಹುಡುಗಿ ಮುಖದ ಅರ್ಧಭಾಗವನ್ನು ಕೂದಲಿನಿಂದ ಮುಚ್ಚಿಕೊಂಡಿರುತ್ತಾಳೆ. ಅದೃಶ್ಯಳಾಗುವುದು ಅವಳ ಶಕ್ತಿ, ಆದರೆ ಆ ಶಕ್ತಿಯನ್ನು ಅವಳು ಬಳಸುವುದು ತನಗೆ ಇಷ್ಟವಾದ ಟೋನಿಯ ಕಣ್ಣು ತಪ್ಪಿಸುವುದಕ್ಕೆ. ಕೊನೆಯಲ್ಲಿ ಕೂದಲು ಹಿಂದೆ ಸರಿದಿದೆ, ಅವಳು ಟೋನಿಯೊಂದಿಗೆ ನೇರವಾಗಿ ಮಾತನಾಡುತ್ತಾಳೆ, ಸಿನಿಮಾಕ್ಕೆ ಹೋಗುವ ಮಾತೂ ಆಗುತ್ತದೆ. ಕೂದಲನ್ನು ಹಿಂದಕ್ಕೆ ತಂದುದರಲ್ಲೇ ಒಂದು ಪಾತ್ರದ ಇಡೀ ಪಯಣವನ್ನು ಹೇಳಿಬಿಟ್ಟ ಜಾಣ್ಮೆ ಅದು. ಎರಡನೆಯ ಚಿತ್ರದಲ್ಲಿ ಏನಾಗುತ್ತದೆ? ಮುಖವಾಡವಿಲ್ಲದ ಅವಳನ್ನು ಟೋನಿ ನೋಡಿಬಿಡುತ್ತಾನೆ, ಸರ್ಕಾರಿ ಅಧಿಕಾರಿಯೊಬ್ಬ ಅವನ ನೆನಪನ್ನು ಅಳಿಸಿಹಾಕುತ್ತಾನೆ, ಅದರೊಂದಿಗೆ ವಯೊಲೆಟ್‌ಳ ನೆನಪೂ ಹೋಗುತ್ತದೆ. ಅಲ್ಲಿಂದ ಮತ್ತೆ ಅದೇ ನಾಚಿಕೆ, ಅದೇ ಎಡವಟ್ಟು, ಮತ್ತೆ ಸಿನಿಮಾಕ್ಕೆ ಹೋಗುವ ಮಾತು. ಅಳಿಸಿದ್ದು ಟೋನಿಯ ತಲೆಯಲ್ಲಿದ್ದದ್ದನ್ನು ಮಾತ್ರವಲ್ಲ, ಮೊದಲ ಚಿತ್ರದ ಗಳಿಕೆಯನ್ನೂ.

ತಂದೆ ಬಾಬ್‌ನದೂ ಅದೇ ಕಥೆ. ಕುಟುಂಬವೇ ದೊಡ್ಡ ಸಾಹಸ ಎಂದು ಮೊದಲ ಭಾಗದಲ್ಲಿ ಅರಿತವನು ಇಲ್ಲಿ ಹೆಂಡತಿಗೆ ಕೆಲಸ ಸಿಕ್ಕಿದ್ದಕ್ಕೆ ಒಳಗೊಳಗೇ ಕುದಿಯುತ್ತ ಅದೇ ಅರಿವಿಗೆ ಎರಡನೆಯ ಬಾರಿ ಬರಬೇಕು. ಮಗನ ಗಣಿತದ ಹೋಮ್‌ವರ್ಕ್ ಮುಂದೆ ಅವನು ಕಂಗಾಲಾಗುವ ದೃಶ್ಯಗಳು ಚೆನ್ನಾಗಿವೆ ನಿಜ. ಹಸುಳೆ ಜ್ಯಾಕ್-ಜ್ಯಾಕ್ ಹಿತ್ತಲಿನಲ್ಲಿ ರಕೂನ್ ಒಂದರೊಂದಿಗೆ ನಡೆಸುವ ಯುದ್ಧವನ್ನು ಎಷ್ಟು ಸಲ ಬೇಕಾದರೂ ನೋಡಬಹುದು. ಆದರೆ ಹೊಸ ಹೊಸ ಶಕ್ತಿಗಳು ಬಂದ ಮಾತ್ರಕ್ಕೆ ಪಾತ್ರ ಬೆಳೆಯಿತು ಎನ್ನಲಾಗದು.

‘ಕುಂಗ್ ಫೂ ಪಾಂಡಾ’ದ ಎರಡು ಭಾಗಗಳನ್ನು ಜೊತೆಗಿಟ್ಟು ನೋಡಿದರೆ ಚಿತ್ರ ತಿರುಗುಮುರುಗಾಗುತ್ತದೆ. 2008ರ ಮೂಲ ಚಿತ್ರ ನಗಿಸುವುದರಲ್ಲಿ ಈಗಲೂ ಮುಂದೆಯೇ ಇದೆ. ಪೋ ಎಂಬ ಪಾಂಡಾದ ತಂದೆ ಪಿಂಗ್, ನೂಡಲ್ಸ್ ಅಂಗಡಿ ನಡೆಸುವ ಒಂದು ಹೆಬ್ಬಾತು. ಹೆಬ್ಬಾತಿಗೆ ಪಾಂಡಾ ಹೇಗೆ ಹುಟ್ಟಿತು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಒಂದು ಕಡೆ ಪಿಂಗ್, ಬಹಳ ಹಿಂದೆಯೇ ಹೇಳಬೇಕಾಗಿದ್ದ ಮಾತೊಂದಿದೆ ಎಂದು ಗಂಭೀರವಾಗಿ ಪೀಠಿಕೆ ಹಾಕುತ್ತಾನೆ. ಇನ್ನೇನು ಗುಟ್ಟು ಹೊರಬಿತ್ತು ಎಂದು ನಾವು ಕಾಯುತ್ತಿದ್ದರೆ ಅವನು ಹೇಳುವುದು ಸೂಪಿನ ರಹಸ್ಯ: ಅದರಲ್ಲಿ ವಿಶೇಷ ಪದಾರ್ಥವೇನೂ ಇಲ್ಲ ಎಂದು! ಅದರಿಂದಲೇ ಪೋಗೆ, ಅಪಾರ ಶಕ್ತಿಯ ಗುಟ್ಟಿದೆ ಎಂದು ಎಲ್ಲರೂ ನಂಬಿದ್ದ ಡ್ರ್ಯಾಗನ್ ಸುರುಳಿ ಏಕೆ ಖಾಲಿಯಿದೆ ಎಂದು ಹೊಳೆಯುತ್ತದೆ. ಕಥೆಗೆ ಬೇಕಾದದ್ದು ಸಿಕ್ಕಿತು, ಹುಟ್ಟಿನ ಪ್ರಶ್ನೆ ನಗೆಯಲ್ಲಿ ತೇಲಿಹೋಯಿತು.

2011ರ ಎರಡನೆಯ ಭಾಗ ಕೈ ಹಾಕುವುದು ಆ ನಗೆಗೇ. ಹೋರಾಟದ ನಡುವೆ ಶತ್ರುವಿನ ಕವಚದ ಮೇಲಿನ ಗುರುತೊಂದನ್ನು ಕಂಡು ಪೋ ನಿಂತಲ್ಲೇ ಮರಗಟ್ಟುತ್ತಾನೆ. ಮನೆಗೆ ಬಂದು ತಾನು ಎಲ್ಲಿಂದ ಬಂದೆ ಎಂದು ತಂದೆಯನ್ನು ಕೇಳುತ್ತಾನೆ. ಮೂಲಂಗಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಮಗು ನೀನು ಎಂದು ಪಿಂಗ್ ಹೇಳುವ ದೃಶ್ಯದಲ್ಲಿ ತಮಾಷೆಯೂ ಸಂಕಟವೂ ಒಂದನ್ನೊಂದು ಬಿಡದೆ ಬರುತ್ತವೆ. ಇನ್ನೊಂದು ಸೂಕ್ಷ್ಮ ಬೆನ್ನುಬೆನ್ನಿಗೆ ನೋಡಿದಾಗಲೇ ಕಾಣುವುದು. ಮೊದಲ ಚಿತ್ರ ತೆರೆದುಕೊಳ್ಳುವುದು ಕೈಯಲ್ಲಿ ಬರೆದಂತಹ ಚಪ್ಪಟೆ ಚಿತ್ರಗಳ ಕನಸಿನಿಂದ. ಅಲ್ಲಿ ಪೋ ಮಹಾವೀರ, ಎಲ್ಲವೂ ಅತಿಶಯೋಕ್ತಿ. ಎರಡನೆಯದರಲ್ಲಿ ಅದೇ ಬಗೆಯ ಚಿತ್ರಗಳು ಬರುವುದು ಅವನ ಬಾಲ್ಯದ ನೆನಪಿಗಾಗಿ. ಪಾಳುಬಿದ್ದ ಪಾಂಡಾಗಳ ಹಳ್ಳಿಯಲ್ಲಿ ಮಳೆ ಸುರಿಯುತ್ತಿದೆ. ಒಂದು ಹನಿಯನ್ನು ಅಂಗೈಯಲ್ಲಿ ಹಿಡಿದು ಉರುಳಿಸುತ್ತ ನಿಂತವನಿಗೆ, ತಾಯಿ ತನ್ನನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ವೈರಿಗಳನ್ನು ತನ್ನತ್ತ ಸೆಳೆದುಕೊಂಡು ಓಡಿದ್ದು ನೆನಪಾಗುತ್ತದೆ. ಕನಸು ಕಟ್ಟಿದ ಶೈಲಿಯೇ ಗಾಯವನ್ನೂ ತೋರಿಸುತ್ತದೆ. ಹಿಂದಿನ ಚಿತ್ರದಲ್ಲಿ ಕಥೆಯ ವಿಭಾಗ ನೋಡಿಕೊಂಡಿದ್ದ ಜೆನಿಫರ್ ಯೂ ನೆಲ್ಸನ್ ಇದರ ನಿರ್ದೇಶಕಿ. ಮೊದಲ ಭಾಗ ಏನನ್ನು ಅರ್ಧಕ್ಕೆ ಬಿಟ್ಟಿತ್ತು ಎಂದು ಬಲ್ಲವರ ಕೆಲಸ ಇದೆಂದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ.

ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಪೋನ ಜೊತೆಗಾರರಾದ ಐವರು ವೀರರ ಪೈಕಿ ಹುಲಿ ಟೈಗ್ರೆಸ್ ಬಿಟ್ಟರೆ ಯಾರಿಗೂ ಇಲ್ಲಿಯೂ ಹೇಳಿಕೊಳ್ಳುವಂಥ ಬೆಳವಣಿಗೆ ಇಲ್ಲ. ಆದರೆ ಮೊದಲ ಭಾಗದಲ್ಲಿ ಪೋನನ್ನು ಕಂಡರೆ ಸಿಡುಕುತ್ತಿದ್ದ ಅವಳು ಇಲ್ಲಿ ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡಾಗ ಸುತ್ತ ನಿಂತವರ ಬಾಯಿ ಕಟ್ಟುತ್ತದೆ. ನೋಡುವವರದೂ.

‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಇನ್ನೂ ಧೈರ್ಯದ ದಾರಿ ಹಿಡಿಯಿತು. 2010ರ ಚಿತ್ರದಲ್ಲಿ ವೈಕಿಂಗ್ ಹುಡುಗ ಹಿಕಪ್ ಕಲಿತದ್ದು ಶತ್ರುವೆಂದುಕೊಂಡವರನ್ನು ಅರ್ಥಮಾಡಿಕೊಂಡರೆ ಯುದ್ಧವೇ ಬೇಡ ಎಂದು. 2014ರ ಭಾಗದಲ್ಲಿ ಅವನಿಗೆ 20 ವರ್ಷ, ಆ ಪಾಠ ಚೆನ್ನಾಗಿಯೇ ನೆನಪಿದೆ. ಅಪ್ಪನ ಮನಸ್ಸನ್ನೇ ಬದಲಿಸಿದವನು ಡ್ರ್ಯಾಗನ್‌ಗಳ ಸೇನೆ ಕಟ್ಟುವ ಖಳ ಡ್ರಾಗೋನ ಮನಸ್ಸನ್ನು ಬದಲಿಸಲಾರೆನೇ ಎಂದು ಹೊರಡುತ್ತಾನೆ. ಬದಲಿಸಲಾಗುವುದಿಲ್ಲ. ಡ್ರಾಗೋನ ಹಿಡಿತಕ್ಕೆ ಸಿಕ್ಕ ತನ್ನದೇ ಡ್ರ್ಯಾಗನ್ ಟೂತ್‌ಲೆಸ್‌ನಿಂದಲೇ ಹಿಕಪ್‌ನ ತಂದೆ ಸ್ಟೋಯಿಕ್ ಸಾಯುತ್ತಾನೆ. ಮೊದಲ ಚಿತ್ರದ ನಂಬಿಕೆಯನ್ನು ಎರಡನೆಯದು ಮರೆಯುವುದಿಲ್ಲ, ಅದಕ್ಕೆ ಬೆಲೆ ಕಟ್ಟಿಸುತ್ತದೆ. ಇಷ್ಟಾದರೂ ಪೂರ್ಣ ಅಂಕ ಕೊಡಲು ನನಗೆ ಮನಸ್ಸಿಲ್ಲ. 20 ವರ್ಷ ಮನೆಯಿಂದ ದೂರವಿದ್ದ ತಾಯಿ ವಾಲ್ಕಾಳ ಮೇಲೆ ಹಿಕಪ್‌ಗೆ ಸಿಟ್ಟೇ ಬರುವುದಿಲ್ಲ. ಗೆಳತಿ ಆಸ್ಟ್ರಿಡ್ ಪಾಲಿಗೆ ಹಾರಾಟ ಉಳಿಯಿತೇ ಹೊರತು ಒಳತೋಟಿ ಉಳಿಯಲಿಲ್ಲ.

ಪಕ್ಕದ ಪಾತ್ರವನ್ನು ನಾಯಕನ ಸ್ಥಾನಕ್ಕೆ ತರುವುದು ಮತ್ತೊಂದು ದಾರಿ. ‘ಕಾರ್ಸ್ 2’ ಚಿತ್ರದಲ್ಲಿ ನಾಯಕನ ಗೆಳೆಯ ಮೇಟರ್‌ನನ್ನು ಹಾಗೆ ಮುಂದೆ ತಂದರು. ಮೊದಲ ಭಾಗದಲ್ಲಿ ಹದವಾಗಿ ನಗಿಸುತ್ತಿದ್ದವನು ಇಲ್ಲಿ ಗೂಢಚಾರರ ನಡುವೆ ಸಿಕ್ಕಿಕೊಂಡು ಅದೇ ಪೆದ್ದುತನವನ್ನು ಚಿತ್ರದುದ್ದಕ್ಕೂ ಮಾಡುತ್ತಾನೆ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ‘ಫೈಂಡಿಂಗ್ ಡೋರಿ’ ಹಾಗಲ್ಲ. 2003ರ ‘ಫೈಂಡಿಂಗ್ ನೀಮೋ’ ಚಿತ್ರದಲ್ಲಿ ನಮ್ಮನ್ನು ನಗಿಸಿದ ಮೀನು ಡೋರಿಯ ಮರೆವು 2016ರಲ್ಲಿ ಒಬ್ಬ ಮಗಳ ಭಯವಾಗುತ್ತದೆ. ಸಮುದ್ರದ ತಳದಲ್ಲಿ ಎಲ್ಲ ದಿಕ್ಕುಗಳಿಂದಲೂ ಒಂದೇ ಜಾಗಕ್ಕೆ ಬರುವಂತೆ ಜೋಡಿಸಿದ ಚಿಪ್ಪುಗಳ ಸಾಲುಗಳನ್ನು ನೋಡಿದಾಗ, ಮಗಳು ದಾರಿ ಮರೆತರೂ ಬರಲಿ ಎಂದು ಅಪ್ಪ ಅಮ್ಮ ವರ್ಷಗಟ್ಟಲೆ ಮಾಡಿದ ಕೆಲಸ ಅದೆಂದು ತಿಳಿಯುತ್ತದೆ. ಆದರೆ ಡೋರಿಯ ಬೆಳವಣಿಗೆಗೆ ದಂಡ ತೆತ್ತವನು ಮಾರ್ಲಿನ್. ಮೊದಲ ಚಿತ್ರದಲ್ಲಿ ಮಗನನ್ನೂ ಡೋರಿಯನ್ನೂ ನಂಬಲು ಕಲಿತ ಆ ಅಪ್ಪ, ಇಲ್ಲಿ ಮರೆಯುವುದೇ ನಿನಗೆ ಚೆನ್ನಾಗಿ ಬರುವ ಕೆಲಸ ಎಂದು ಅವಳನ್ನು ಚುಚ್ಚುತ್ತಾನೆ.

‘ಫ್ರೋಜನ್ 2’ರಲ್ಲಿ ಎಲ್ಸಾಳಿಗೆ ಸಿಗುವುದು ತನ್ನ ಶಕ್ತಿಯ ಮೂಲ, ಅಂದರೆ ಮಾಹಿತಿ. ನಿಜವಾಗಿ ಬೆಳೆಯುವವಳು ತಂಗಿ ಆನಾ. ಹಿಮದ ಬೊಂಬೆ ಓಲಾಫ್ ಹಿಮಕಣಗಳಾಗಿ ಚದುರಿಹೋದ ಗುಹೆಯಲ್ಲಿ, ಅಕ್ಕನೂ ಇಲ್ಲವೆಂದು ತಿಳಿದು, ಮುಂದಿನ ಒಂದು ಹೆಜ್ಜೆಯನ್ನಷ್ಟೇ ಇಡುತ್ತೇನೆ ಎಂದು ಎದ್ದು ನಿಲ್ಲುವ ಆನಾ ಮೊದಲ ಚಿತ್ರದ ಅವಸರದ ಹುಡುಗಿಯಲ್ಲ. ಪೋಸ್ಟರ್‌ನಲ್ಲಿ ಅವಳು ಪಕ್ಕದಲ್ಲಿದ್ದಾಳೆ, ಇರಲಿ.

‘ಟಾಯ್ ಸ್ಟೋರಿ’ಗೆ ಬಂದರೆ ಲೆಕ್ಕ ಜಟಿಲವಾಗುತ್ತದೆ, ಏಕೆಂದರೆ ಅಲ್ಲಿ 2019ರವರೆಗಿನ ನಾಲ್ಕು ಭಾಗಗಳನ್ನು ಜೊತೆಗಿಡಬೇಕು. 1999ರ ಎರಡನೆಯ ಭಾಗವನ್ನು ಮೊದಲು ವಿಡಿಯೊಗಾಗಿಯೇ ಯೋಜಿಸಿದ್ದರು ಎಂದರೆ ಈಗ ನಂಬುವುದು ಕಷ್ಟ. ಮೊದಲ ಭಾಗದಲ್ಲಿ ಕೌಬಾಯ್ ಗೊಂಬೆ ವುಡಿ, ತಾನು ನಿಜವಾದ ಗಗನಯಾನಿ ಎಂದುಕೊಂಡ ಗೊಂಬೆ ಬಜ್‌ಗೆ ನೀನೊಂದು ಆಟಿಕೆ ಎಂದು ಕಿರುಚುತ್ತಾನೆ. ಎರಡನೆಯದರಲ್ಲಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಹೋಗಲು ಮನಸ್ಸು ಮಾಡಿದ ವುಡಿಗೆ ಆ ಪಾಠವನ್ನು ಬಜ್ ತಿರುಗಿ ಹೇಳುತ್ತಾನೆ. ಶಿಷ್ಯನ ಬಾಯಿಂದ ಕೇಳಿಸಿಕೊಂಡ ಮೇಲೆ ವುಡಿ ತನ್ನ ಬೂಟಿನ ಅಡಿಗೆ ಬಳಿದ ಬಣ್ಣವನ್ನು ಕೆರೆದು, ಕೆಳಗಿದ್ದ ತನ್ನ ಒಡೆಯ ಹುಡುಗ ಆ್ಯಂಡಿಯ ಹೆಸರನ್ನು ಹೊರತರುತ್ತಾನೆ. 2010ರ ಮೂರನೆಯ ಭಾಗದ ಬಗ್ಗೆ ನನಗೆ ತಕರಾರಿಲ್ಲ. ವುಡಿಯನ್ನು ಬಾನಿ ಎಂಬ ಪುಟ್ಟ ಹುಡುಗಿಗೆ ಕೊಡುವ ಮುನ್ನ ಆ್ಯಂಡಿ ಒಂದು ಕ್ಷಣ ಕೈ ಹಿಂದಕ್ಕೆಳೆದುಕೊಳ್ಳುವುದನ್ನು ನೋಡಿದವರಿಗೆ ತಕರಾರು ಇರಲಾರದು.

2019ರ ನಾಲ್ಕನೆಯದರಲ್ಲಿ ವುಡಿಗೆ ಮತ್ತೊಂದು ತಿರುವು ಸಿಗುತ್ತದೆ, ಮಗುವಿಲ್ಲದೆಯೂ ಬದುಕಿದೆ ಎಂಬುದು. ಒಪ್ಪಬಹುದಾದ ತಿರುವೇ. ಒಪ್ಪಲಾಗದ್ದು ಬಜ್‌ಗೆ ಮಾಡಿದ್ದು. 1995ರಲ್ಲಿ ಟಿವಿಯಲ್ಲಿ ತನ್ನದೇ ಜಾಹೀರಾತು ಕಂಡು, ಆದರೂ ಹಾರಿಯೇ ತೀರುತ್ತೇನೆಂದು ಮೆಟ್ಟಿಲ ಮೇಲಿನಿಂದ ಜಿಗಿದು ತೋಳು ಮುರಿದುಕೊಂಡು ಬಿದ್ದವನು ಅವನು. ತನ್ನೊಳಗಿರುವುದು ಗುಂಡಿ ಒತ್ತಿದರೆ ಬರುವ ಧ್ವನಿ ಮಾತ್ರ ಎಂಬ ಸತ್ಯವನ್ನು ಅಷ್ಟು ನೋವಿನಿಂದ ಕಲಿತವನು. ನಾಲ್ಕನೆಯ ಭಾಗದಲ್ಲಿ ವುಡಿ ಅಂತರಾತ್ಮದ ಧ್ವನಿಯ ಮಾತೆತ್ತಿದರೆ, ಬಜ್ ಅದೆಂದರೆ ತನ್ನ ಎದೆಯ ಗುಂಡಿಗಳೇ ಎಂದುಕೊಂಡು, ಮುಂದೇನು ಮಾಡಬೇಕೆಂದು ತಿಳಿಯಲು ಅವನ್ನು ಒತ್ತುತ್ತ ಓಡಾಡುತ್ತಾನೆ. ಇಡೀ ಸರಣಿಯ ಅತ್ಯುತ್ತಮ ದೃಶ್ಯವೊಂದನ್ನು ಹೀಗೆ ನಗೆಚಟಾಕಿಗೆ ಬಳಸಿಕೊಂಡ ಚಿತ್ರವನ್ನು ಮೂರನೆಯದರ ಪಕ್ಕದಲ್ಲಿಡಲು ನಾನಂತೂ ತಯಾರಿಲ್ಲ.